ಹೆಡ್‌ಫೋನ್ ಮೊದಲು, ಆಂಪ್ಲಿಫೈಯರ್ ನಂತರ: ಉನ್ನತ ದರ್ಜೆಯ ಹೆಡ್‌ಫೋನಿಗೆ ತಕ್ಕ ಪ್ಲೇಯರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಉನ್ನತ ದರ್ಜೆಯ ಹೆಡ್‌ಫೋನ್ ಕೊಳ್ಳಲು ಹೊರಟವರಲ್ಲಿ ಹಲವರು ಮೊದಲು ವಿಚಾರಿಸುವುದು ಪ್ಲೇಯರ್‌ನ ಒಳಗೆ ಯಾವ ಡಿಎಸಿ ಚಿಪ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತವಾಗಿ ಬದಲಿಸುವ ಚಿಪ್) ಇದೆ, ಆಂಪ್ಲಿಫೈಯರ್ ಎಷ್ಟು ಮಿಲಿವ್ಯಾಟ್ ಕೊಡುತ್ತದೆ ಎಂಬುದನ್ನು. ಹೆಡ್‌ಫೋನಿನ ಸರದಿ ಬರುವ ಹೊತ್ತಿಗೆ ತೆಗೆದಿಟ್ಟ ಹಣದ ಬಹುಪಾಲು ಖರ್ಚಾಗಿರುತ್ತದೆ. ಈ ಕ್ರಮವನ್ನು ತಿರುಗಿಸಬೇಕೆಂಬುದೇ ಈ ಬರಹದ ತಿರುಳು. ಒಂದೇ ದರ್ಜೆಯ ಎರಡು ಹೆಡ್‌ಫೋನ್‌ಗಳ ನಡುವೆ ಕೆಲವು ಆವರ್ತನಗಳಲ್ಲಿ 5ರಿಂದ 10 ಡೆಸಿಬೆಲ್‌ಗಳಷ್ಟು ವ್ಯತ್ಯಾಸವಿರುವುದು ಸಾಮಾನ್ಯ. ಸರಿಯಾಗಿ ವಿನ್ಯಾಸಗೊಂಡ ಎರಡು ಆಂಪ್ಲಿಫೈಯರ್‌ಗಳಾದರೋ ತಮ್ಮ ಮಿತಿಯೊಳಗೆ ಕೆಲಸ ಮಾಡುವಷ್ಟು ಕಾಲ ಒಂದು ಡೆಸಿಬೆಲ್‌ನ ಸಣ್ಣ ಭಾಗದಷ್ಟು ಮಾತ್ರ ಬೇರೆಯಾಗಿರುತ್ತವೆ. ಆದ್ದರಿಂದ ನಾದದ ಗುಣವನ್ನು ಹೆಡ್‌ಫೋನಿನಲ್ಲಿ ಹುಡುಕಬೇಕು. ಆಂಪ್ಲಿಫೈಯರ್‌ನಿಂದ ನಿರೀಕ್ಷಿಸಬೇಕಾದದ್ದು ನಾಲ್ಕು ಸಂಗತಿಗಳನ್ನು ಮಾತ್ರ: ಸಾಕಷ್ಟು ವೋಲ್ಟೇಜ್, ಸಾಕಷ್ಟು ಕರೆಂಟ್, ಕಡಿಮೆ ಔಟ್‌ಪುಟ್ ಇಂಪೀಡೆನ್ಸ್ (ಆಂಪ್ಲಿಫೈಯರ್‌ನ ಒಳತಡೆ) ಮತ್ತು ಕಿವಿಗೆ ಬೀಳದಷ್ಟು ಕಡಿಮೆ ಹಿನ್ನೆಲೆ ಸದ್ದು. ಈ ನಾಲ್ಕನ್ನೂ ಕೊಳ್ಳುವ ಮೊದಲೇ ಲೆಕ್ಕಹಾಕಿ ನೋಡಬಹುದು, ಮತ್ತು ಆ ಲೆಕ್ಕ ಕಷ್ಟದ್ದಲ್ಲ.

ಹಂತ 1: ಎಲ್ಲಿ ಕೇಳುತ್ತೀರಿ ಎಂಬುದನ್ನು ತೀರ್ಮಾನಿಸಿ

ಹೆಡ್‌ಫೋನ್‌ಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಹೆಡ್‌ಫೋನಿನಲ್ಲಿ ಸದ್ದು ಹುಟ್ಟಿಸುವ ಘಟಕವಾದ ಡ್ರೈವರಿನ ಹಿಂದಿನ ಗಾಳಿ ನಿರಾತಂಕವಾಗಿ ಹೊರಹೋಗುವುದರಿಂದ ಇಯರ್‌ಕಪ್‌ನೊಳಗೆ ಪ್ರತಿಫಲನ ಕಡಿಮೆಯಾಗುತ್ತದೆ ಮತ್ತು ನಾದ ತಲೆಯ ಹೊರಗೆ ಹರಡಿಕೊಂಡಂತೆ ಅನ್ನಿಸುತ್ತದೆ. ಆದರೆ ನೀವು ಕೇಳುವುದೆಲ್ಲ ಪಕ್ಕದಲ್ಲಿರುವವರಿಗೂ ಕೇಳುತ್ತದೆ, ಹೊರಗಿನ ಗದ್ದಲವೆಲ್ಲ ನಿಮ್ಮ ಕಿವಿಗೂ ಬರುತ್ತದೆ. ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಹೊರಗಿನ ಸದ್ದನ್ನು ಒಂದು ಮಟ್ಟಿಗೆ ತಡೆಯುತ್ತದೆ. ಕಿವಿಯ ನಾಳಕ್ಕೆ ಬಿಗಿಯಾಗಿ ಕೂರುವ ಇನ್-ಇಯರ್ ಫೋನ್ ಅದಕ್ಕಿಂತಲೂ ಚೆನ್ನಾಗಿ ತಡೆಯುತ್ತದೆ.

ಬಸ್ಸು, ರೈಲು, ವಿಮಾನಗಳಲ್ಲಿ ಕೇಳುವವರು ಓಪನ್ ಬ್ಯಾಕ್ ಹೆಡ್‌ಫೋನ್ ಕೊಂಡರೆ ಅದರ ಒಳ್ಳೆಯ ಗುಣಗಳೆಲ್ಲ ಎಂಜಿನ್ನಿನ ಗುಡುಗಿನಲ್ಲಿ ಮುಳುಗಿಹೋಗುತ್ತವೆ. ಆ ಗುಡುಗನ್ನು ಮೀರಿಸಲು ವಾಲ್ಯೂಮ್ ಏರಿಸಿದರೆ ಕಿವಿಗೆ ಹಾನಿ. ಪ್ರಯಾಣಕ್ಕೆ ಇನ್-ಇಯರ್, ಮನೆಯ ನಿಶ್ಶಬ್ದ ಕೋಣೆಗೆ ಓಪನ್ ಬ್ಯಾಕ್ ಎಂಬುದು ನನ್ನ ಸ್ಪಷ್ಟ ಸಲಹೆ. ಎರಡಕ್ಕೂ ಒಂದೇ ಸಾಕೆನ್ನುವವರಿಗೆ ಕ್ಲೋಸ್ಡ್ ಬ್ಯಾಕ್ ಒಂದು ರಾಜಿ ಮಾರ್ಗ. ಜೇಬಿನಲ್ಲಿಟ್ಟು ಓಡಾಡುವ ಪ್ಲೇಯರ್ ಬೇಕೆ ಎಂಬ ಪ್ರಶ್ನೆಗೂ ಇಲ್ಲಿಯೇ ಅರ್ಧ ಉತ್ತರ ಸಿಗುತ್ತದೆ. ಕುರ್ಚಿಯಿಂದ ಏಳದೆ ಕೇಳುವವರಿಗೆ ಬ್ಯಾಟರಿಯ ಹಂಗಿಲ್ಲದ ಮೇಜಿನ ಮೇಲಿನ ಆಂಪ್ಲಿಫೈಯರ್ ಅಷ್ಟೇ ಹಣಕ್ಕೆ ಹೆಚ್ಚು ಶಕ್ತಿಯನ್ನು ಕೊಡುತ್ತದೆ.

ಹಂತ 2: ಡ್ರೈವರ್, ತೂಕ ಮತ್ತು ಕೂರುವ ರೀತಿ

ಸುರುಳಿ ಮತ್ತು ಅಯಸ್ಕಾಂತದಿಂದ ಕೆಲಸ ಮಾಡುವ ಡೈನಾಮಿಕ್ ಡ್ರೈವರ್ ಬಹಳ ಹಳೆಯದು, ಇಂದಿಗೂ ಎಲ್ಲಕ್ಕಿಂತ ವ್ಯಾಪಕವಾದದ್ದು. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಇಂದಿಗೂ ಹೋಲಿಕೆಯ ಮಾನದಂಡವಾಗಿ ಉಳಿದಿರುವುದು ಈ ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂಬುದನ್ನು ತೋರಿಸುತ್ತದೆ. ಪ್ಲೇನಾರ್ ಮ್ಯಾಗ್ನೆಟಿಕ್ ಡ್ರೈವರಿನಲ್ಲಿ ತೆಳುವಾದ ಪೊರೆಯ ಮೇಲೆಯೇ ವಾಹಕದ ಗೆರೆಗಳನ್ನು ಮೂಡಿಸಿ ಅದನ್ನು ಅಯಸ್ಕಾಂತಗಳ ನಡುವೆ ಅಥವಾ ಒಂದು ಬದಿಗೆ ನಿಲ್ಲಿಸಿರುತ್ತಾರೆ. ಆಡೆಜ್ ಮತ್ತು ಹೈಫೈಮನ್ ಸಂಸ್ಥೆಗಳ ಹೆಸರು ಈ ಬಗೆಯೊಂದಿಗೇ ಬೆಸೆದುಕೊಂಡಿದೆ. ಮಂದ್ರದ ಆಳದವರೆಗೆ ವಿರೂಪವಿಲ್ಲದೆ ಇಳಿಯುವುದು ಇವುಗಳ ಹೆಗ್ಗಳಿಕೆ, ಅಯಸ್ಕಾಂತಗಳ ತೂಕ ಇವುಗಳ ತೊಡಕು. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಡ್ರೈವರ್‌ಗಳು ಹೆಚ್ಚಾಗಿ ಇನ್-ಇಯರ್ ಫೋನ್‌ಗಳಲ್ಲಿ ಕಾಣಸಿಗುತ್ತವೆ. ಸ್ಟ್ಯಾಕ್ಸ್ ಸಂಸ್ಥೆ 1960ರಿಂದ ತಯಾರಿಸುತ್ತಿರುವ ಎಲೆಕ್ಟ್ರೋಸ್ಟಾಟಿಕ್ ಬಗೆಯನ್ನು ಯಾವ ಸಾಮಾನ್ಯ ಪ್ಲೇಯರಿಗೂ ಜೋಡಿಸಲಾಗದು. ಅದಕ್ಕೆ 580 ವೋಲ್ಟ್‌ನ ಬಯಾಸ್ (ಪೊರೆಗೆ ಸದಾ ಕೊಡುವ ಸ್ಥಿರ ವೋಲ್ಟೇಜ್) ಪೂರೈಸುವ ಪ್ರತ್ಯೇಕ ಆಂಪ್ಲಿಫೈಯರ್ ಬೇಕೇ ಬೇಕು, ಹಾಗಾಗಿ ಈ ಬರಹದ ಮುಂದಿನ ಲೆಕ್ಕಗಳಿಂದ ಅದನ್ನು ಹೊರಗಿಟ್ಟಿದ್ದೇನೆ.

ಡ್ರೈವರಿನ ಬಗೆ ನೋಡಿಯೇ ನಾದ ಹೀಗಿರುತ್ತದೆಂದು ಊಹಿಸುವುದು ಸರಿಯಲ್ಲ. ಬದಲಿಗೆ ಯಾವ ಆವರ್ತನ ಎಷ್ಟು ಜೋರಾಗಿ ಕೇಳುತ್ತದೆಂದು ತೋರಿಸುವ, ಆ ಹೆಡ್‌ಫೋನಿನ ಫ್ರೀಕ್ವೆನ್ಸಿ ರೆಸ್ಪಾನ್ಸ್ ನಕ್ಷೆಯನ್ನು ನೋಡಬೇಕು. ಹರ್ಮನ್ ಸಂಸ್ಥೆಯಲ್ಲಿ ಷಾನ್ ಆಲಿವ್ ಮತ್ತು ಅವರ ಸಹೋದ್ಯೋಗಿಗಳು ಬಹುಪಾಲು ಕೇಳುಗರು ಯಾವ ಬಗೆಯ ಸ್ವರ ಸಮತೋಲವನ್ನು ಮೆಚ್ಚುತ್ತಾರೆಂದು ಪರೀಕ್ಷಿಸಿ ರೂಪಿಸಿದ ಗುರಿರೇಖೆ ಇಂದು ಹೋಲಿಕೆಗೆ ಬಹಳ ಬಳಕೆಯಲ್ಲಿದೆ. ಅದು ಎಲ್ಲರ ರುಚಿಗೂ ಹೊಂದಬೇಕೆಂದೇನಿಲ್ಲ. ಆದರೆ ಒಂದು ಹೆಡ್‌ಫೋನ್ ಆ ರೇಖೆಗಿಂತ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ತಿಳಿದರೆ ಹಾಡುವ ದನಿ ಮುಂದೆ ಬರುತ್ತದೆಯೇ, 'ಸ' ಕಾರ 'ಶ' ಕಾರಗಳು ಚುಚ್ಚುತ್ತವೆಯೇ, ಮಂದ್ರ ಉಬ್ಬಿಕೊಂಡಿದೆಯೇ ಎಂಬುದನ್ನು ಕೇಳುವ ಮೊದಲೇ ಬಹುಮಟ್ಟಿಗೆ ಅಂದಾಜಿಸಬಹುದು.

ಕೂರುವ ರೀತಿಯನ್ನು ಕಡೆಗಣಿಸಿ ಕೊಂಡ ಹೆಡ್‌ಫೋನ್ ಎಷ್ಟೇ ಒಳ್ಳೆಯದಾದರೂ ಬೀರುವಿನಲ್ಲೇ ಉಳಿಯುತ್ತದೆ. ಎಚ್‌ಡಿ 600ರ ತೂಕ ಸುಮಾರು 260 ಗ್ರಾಂ. ಆಡೆಜ್ ಎಲ್‌ಸಿಡಿ-ಎಕ್ಸ್‌ನದು 600 ಗ್ರಾಂಗೂ ಹೆಚ್ಚು. ಅಂಗಡಿಯಲ್ಲಿ ಐದು ನಿಮಿಷ ತೊಟ್ಟು ನೋಡಿದಾಗ ಈ ವ್ಯತ್ಯಾಸ ದೊಡ್ಡದೆನಿಸುವುದಿಲ್ಲ, ಎರಡು ಗಂಟೆ ಕಳೆದ ಮೇಲೆ ಕತ್ತು ಅದನ್ನು ನೆನಪಿಸುತ್ತದೆ. ಕನ್ನಡಕ ಧರಿಸುವವರು ಕನ್ನಡಕದೊಂದಿಗೇ ತೊಟ್ಟು ನೋಡಬೇಕು. ಕನ್ನಡಕದ ಕಡ್ಡಿಯ ಸಂದಿಯಿಂದ ಗಾಳಿ ಸೋರಿದರೆ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್‌ಗಳಲ್ಲಿ ಮಂದ್ರ ಗಣನೀಯವಾಗಿ ಕುಸಿಯುತ್ತದೆ. ಇನ್-ಇಯರ್ ಫೋನ್‌ಗಳಲ್ಲಿ ಇದೇ ಪಾತ್ರ ತುದಿಯ ಸಿಲಿಕಾನ್ ಅಥವಾ ಫೋಮ್ ಟಿಪ್‌ನದು. ಬಾಸ್ ಇಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಅಳತೆ ತಪ್ಪಿದ ಟಿಪ್ಪೇ ಹೊರತು ಆಂಪ್ಲಿಫೈಯರ್ ಅಲ್ಲ.

ಹಂತ 3: ಎರಡು ಅಂಕಿಗಳನ್ನು ಓದಿ, ಬೇಕಾದ ಶಕ್ತಿಯನ್ನು ಲೆಕ್ಕಹಾಕಿ

ಹೆಡ್‌ಫೋನಿನ ವಿವರಪಟ್ಟಿಯಲ್ಲಿ ಹೊಂದಾಣಿಕೆಗೆ ನಿಜವಾಗಿ ಬೇಕಾದ ಅಂಕಿಗಳು ಎರಡೇ. ಇಂಪೀಡೆನ್ಸ್ ಎಂದರೆ ವಿದ್ಯುತ್ ಹರಿವಿಗೆ ಡ್ರೈವರ್ ಒಡ್ಡುವ ತಡೆ; ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಸೆನ್ಸಿಟಿವಿಟಿ ಎಂದರೆ ಇಂತಿಷ್ಟು ವಿದ್ಯುತ್ ಕೊಟ್ಟಾಗ ಹುಟ್ಟುವ ಸದ್ದಿನ ಮಟ್ಟ. ಹೆಚ್ಚು ಇಂಪೀಡೆನ್ಸ್ ಇರುವ ಹೆಡ್‌ಫೋನ್ ಓಡಿಸುವುದು ಕಷ್ಟ, ಕಡಿಮೆ ಇರುವುದು ಸುಲಭ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದು ಅರ್ಧಸತ್ಯ. ಹೈಫೈಮನ್ ಸುಸ್ವಾರ ಕೇವಲ 60 ಓಮ್‌ನದು, ಆದರೆ ಸೆನ್ಸಿಟಿವಿಟಿ 83 ಡೆಸಿಬೆಲ್ ಮಾತ್ರ ಇರುವುದರಿಂದ 300 ಓಮ್‌ನ ಎಚ್‌ಡಿ 600ಕ್ಕಿಂತ ಎಷ್ಟೋ ಪಾಲು ಹೆಚ್ಚು ಶಕ್ತಿಯನ್ನು ಬೇಡುತ್ತದೆ.

ಇಲ್ಲಿ ಒಂದು ಬಲೆ ಇದೆ. ಕೆಲವು ತಯಾರಕರು ಸೆನ್ಸಿಟಿವಿಟಿಯನ್ನು 1 ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಎಂದು ಕೊಡುತ್ತಾರೆ, ಕೆಲವರು 1 ವೋಲ್ಟ್‌ಗೆ ಇಷ್ಟು ಎಂದು ಕೊಡುತ್ತಾರೆ. ಎರಡನ್ನೂ ನೇರವಾಗಿ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ವೋಲ್ಟ್‌ನ ಅಂಕಿಯನ್ನು ಮಿಲಿವ್ಯಾಟ್‌ಗೆ ಬದಲಿಸಲು 1000ವನ್ನು ಇಂಪೀಡೆನ್ಸ್‌ನಿಂದ ಭಾಗಿಸಿ, ಬಂದ ಸಂಖ್ಯೆಯ ಲಾಗರಿದಮ್ ತೆಗೆದು, ಅದನ್ನು 10ರಿಂದ ಗುಣಿಸಿ, ಆ ಮೊತ್ತವನ್ನು ಕಳೆಯಬೇಕು. 300 ಓಮ್‌ಗೆ ಈ ಮೊತ್ತ ಸುಮಾರು 5 ಡೆಸಿಬೆಲ್, 32 ಓಮ್‌ಗೆ ಸುಮಾರು 15 ಡೆಸಿಬೆಲ್. ಅಂದರೆ 32 ಓಮ್‌ನ ಹೆಡ್‌ಫೋನೊಂದರ ಪಟ್ಟಿಯಲ್ಲಿ 1 ವೋಲ್ಟ್‌ಗೆ 110 ಡೆಸಿಬೆಲ್ ಎಂದಿದ್ದರೆ, ಮಿಲಿವ್ಯಾಟ್ ಲೆಕ್ಕದಲ್ಲಿ ಅದು 95 ಮಾತ್ರ.

ಇನ್ನು ಗುರಿ ಎಷ್ಟಿರಬೇಕು? ನಿಶ್ಶಬ್ದ ಕೋಣೆಯಲ್ಲಿ ಸರಾಸರಿ 75ರಿಂದ 80 ಡೆಸಿಬೆಲ್‌ನಲ್ಲಿ ಕೇಳಿದರೂ, ಡ್ರಮ್ಮಿನ ಏಟು, ವಾದ್ಯವೃಂದದ ಭೋರ್ಗರೆತದಂಥ ಕ್ಷಣಗಳು ಸರಾಸರಿಗಿಂತ 20 ಡೆಸಿಬೆಲ್ ಅಥವಾ ಇನ್ನೂ ಮೇಲಕ್ಕೆ ಹಾಯುತ್ತವೆ. ಕೆಲವು ಧ್ವನಿಮುದ್ರಣಗಳ ಮಟ್ಟವೇ ತಗ್ಗಾಗಿರುತ್ತದೆ. ಈ ಎರಡಕ್ಕೂ ಅವಕಾಶವಿಟ್ಟು 110 ಡೆಸಿಬೆಲ್ ಶಿಖರವನ್ನು ಗುರಿಯಾಗಿ ಹಿಡಿದರೆ ಸಾಕು. ಇದು ಕ್ಷಣಮಾತ್ರದ ಶಿಖರದ ಲೆಕ್ಕವೇ ಹೊರತು ಆ ಮಟ್ಟದಲ್ಲಿ ಕೇಳಬೇಕೆಂದಲ್ಲ ಎಂಬುದನ್ನು ಒತ್ತಿಹೇಳಬೇಕು.

ಲೆಕ್ಕದ ಕ್ರಮ ಹೀಗೆ. ಗುರಿಯಿಂದ ಸೆನ್ಸಿಟಿವಿಟಿಯನ್ನು ಕಳೆಯಿರಿ. ಉಳಿದ ಡೆಸಿಬೆಲ್‌ಗಳಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು, ಪ್ರತಿ 3ಕ್ಕೆ ಸುಮಾರು ಎರಡು ಪಟ್ಟು ಬೇಕು. 1 ಮಿಲಿವ್ಯಾಟ್‌ಗೆ 97 ಡೆಸಿಬೆಲ್ ಕೊಡುವ 300 ಓಮ್‌ನ ಹೆಡ್‌ಫೋನನ್ನು ತೆಗೆದುಕೊಳ್ಳೋಣ. 13 ಡೆಸಿಬೆಲ್ ಏರಬೇಕು, ಅಂದರೆ ಸುಮಾರು 20 ಮಿಲಿವ್ಯಾಟ್. ವ್ಯಾಟ್‌ಗಳಲ್ಲಿ ಹೇಳಿದ ಶಕ್ತಿಯನ್ನು ಇಂಪೀಡೆನ್ಸ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟೇಜ್ ಸಿಗುತ್ತದೆ: ಇಲ್ಲಿ 2.4 ವೋಲ್ಟ್‌ಗಿಂತ ತುಸು ಹೆಚ್ಚು. ವೋಲ್ಟೇಜನ್ನು ಇಂಪೀಡೆನ್ಸ್‌ನಿಂದ ಭಾಗಿಸಿದರೆ ಕರೆಂಟ್, ಕೇವಲ 8 ಮಿಲಿಆಂಪಿಯರ್. ಇದೇ ಲೆಕ್ಕವನ್ನು 60 ಓಮ್, 83 ಡೆಸಿಬೆಲ್‌ನ ಪ್ಲೇನಾರ್‌ಗೆ ಅನ್ವಯಿಸಿದರೆ ಸುಮಾರು 500 ಮಿಲಿವ್ಯಾಟ್, 5.5 ವೋಲ್ಟ್, 91 ಮಿಲಿಆಂಪಿಯರ್ ಎಂದು ಬರುತ್ತದೆ. 37 ಓಮ್, 94 ಡೆಸಿಬೆಲ್‌ನ ಪ್ಲೇನಾರ್‌ಗೆ 40 ಮಿಲಿವ್ಯಾಟ್, 1.2 ವೋಲ್ಟ್, 33 ಮಿಲಿಆಂಪಿಯರ್. 16 ಓಮ್, 110 ಡೆಸಿಬೆಲ್‌ನ ಇನ್-ಇಯರ್‌ಗಾದರೆ 1 ಮಿಲಿವ್ಯಾಟ್ ಸಾಕು, ವೋಲ್ಟೇಜ್ ಕೇವಲ 0.13.

ಈ ನಾಲ್ಕು ಫಲಿತಗಳನ್ನು ಒಟ್ಟಿಗಿಟ್ಟು ನೋಡಿದಾಗ ಹೆಡ್‌ಫೋನ್‌ಗಳ ಹಸಿವು ಒಂದೇ ಬಗೆಯದಲ್ಲವೆಂಬುದು ತಿಳಿಯುತ್ತದೆ. ಹೆಚ್ಚು ಓಮ್‌ನ ಡೈನಾಮಿಕ್ ಹೆಡ್‌ಫೋನ್ ವೋಲ್ಟೇಜನ್ನು ಬೇಡುತ್ತದೆ, ಕರೆಂಟನ್ನು ಅಷ್ಟಾಗಿ ಕೇಳುವುದಿಲ್ಲ. ಸೆನ್ಸಿಟಿವಿಟಿ ಕಡಿಮೆಯಿರುವ ಪ್ಲೇನಾರ್ ಎರಡನ್ನೂ ಕೇಳುತ್ತದೆ. ಇನ್-ಇಯರ್ ಎರಡನ್ನೂ ಕೇಳದು, ಅದಕ್ಕೆ ಬೇಕಾದದ್ದು ಶುದ್ಧತೆ.

ಆಂಪ್ಲಿಫೈಯರ್‌ಗಳ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ 32 ಓಮ್‌ಗೆ ಇಷ್ಟು ಮಿಲಿವ್ಯಾಟ್ ಎಂದು ಬರೆದಿರುತ್ತಾರೆ. ಅದೇ ಅಂಕಿ ನಿಮ್ಮ ಹೆಡ್‌ಫೋನಿಗೂ ಸಲ್ಲುತ್ತದೆಂದು ತಿಳಿಯಬಾರದು. 32 ಓಮ್‌ಗೆ 500 ಮಿಲಿವ್ಯಾಟ್ ಎಂದರೆ 4 ವೋಲ್ಟ್. ವೋಲ್ಟೇಜಿನ ಮಿತಿ ಅಷ್ಟೇ ಆಗಿದ್ದರೆ 300 ಓಮ್‌ಗೆ ಅದು ಕೊಡುವುದು ಸುಮಾರು 53 ಮಿಲಿವ್ಯಾಟ್; ಮೇಲಿನ ಮೊದಲ ಉದಾಹರಣೆಗೆ ಧಾರಾಳವಾಗಿ ಸಾಕು. 60 ಓಮ್‌ನ ಪ್ಲೇನಾರ್‌ಗೆ ಸುಮಾರು 267 ಮಿಲಿವ್ಯಾಟ್ ದೊರೆತು ಶಿಖರ 107 ಡೆಸಿಬೆಲ್‌ಗೆ ನಿಲ್ಲುತ್ತದೆ, ಗುರಿಗೆ 3 ಡೆಸಿಬೆಲ್ ಕಡಿಮೆ. ಒಂದೇ ಆಂಪ್ಲಿಫೈಯರ್ 300 ಓಮ್‌ನ ಹೆಡ್‌ಫೋನನ್ನು ಸಲೀಸಾಗಿ ಓಡಿಸಿ 60 ಓಮ್‌ನದರ ಮುಂದೆ ಸೋಲಬಲ್ಲದು. ಹಾಗಾಗಿ ಕೊಳ್ಳುವ ಮುನ್ನ 32 ಓಮ್ ಮತ್ತು 300 ಓಮ್ ಎರಡಕ್ಕೂ ಅಂಕಿ ಕೊಟ್ಟಿದ್ದಾರೆಯೇ ಎಂದು ನೋಡಿ. ಎರಡೂ ಇದ್ದರೆ ಅದರ ವೋಲ್ಟೇಜ್ ಮಿತಿಯನ್ನೂ ಕರೆಂಟ್ ಮಿತಿಯನ್ನೂ ನೀವೇ ಕಂಡುಕೊಳ್ಳಬಹುದು.

ಒಂದೇ ಹೆಸರಿನ ಹೆಡ್‌ಫೋನ್ ಬೇರೆ ಬೇರೆ ಇಂಪೀಡೆನ್ಸ್‌ಗಳಲ್ಲಿ ಸಿಗುವುದೂ ಉಂಟು. ಬೇಯರ್‌ಡೈನಾಮಿಕ್ ಡಿಟಿ 990 ಎಡಿಷನ್ 32, 250 ಮತ್ತು 600 ಓಮ್‌ಗಳಲ್ಲಿ ಬಂದಿದೆ. ಜೇಬಿನ ಪ್ಲೇಯರ್ ಬಳಸುವವರು ಇಂಥ ಕಡೆ ಹೆಚ್ಚಿನ ಓಮ್‌ನದೇ ಶ್ರೇಷ್ಠವೆಂಬ ನಂಬಿಕೆಗೆ ಬಲಿಯಾಗಬೇಕಿಲ್ಲ.

ಹಂತ 4: ಔಟ್‌ಪುಟ್ ಇಂಪೀಡೆನ್ಸ್ ನೋಡಿ

ಆಂಪ್ಲಿಫೈಯರ್ ನಾದದ ಸ್ವರೂಪವನ್ನು ನಿಜವಾಗಿ ಬದಲಿಸುವ ಜಾಗ ಇದು, ಆದರೂ ಅತ್ಯಂತ ಕಡಿಮೆ ಗಮನ ಸಿಗುವುದೂ ಇದಕ್ಕೇ. ಪ್ರತಿಯೊಂದು ಆಂಪ್ಲಿಫೈಯರ್‌ಗೂ ತನ್ನದೇ ಆದ ಒಳತಡೆ ಇರುತ್ತದೆ. ಒಂದೇ ಕಾಲುವೆಯ ನೀರನ್ನು ಎರಡು ಗದ್ದೆಗಳು ಹಂಚಿಕೊಳ್ಳುವಂತೆ, ಆಂಪ್ಲಿಫೈಯರ್ ಹುಟ್ಟಿಸಿದ ವೋಲ್ಟೇಜನ್ನು ಆ ಒಳತಡೆಯೂ ಹೆಡ್‌ಫೋನೂ ತಮ್ಮ ತಮ್ಮ ಓಮ್‌ಗಳ ಅನುಪಾತದಲ್ಲಿ ಹಂಚಿಕೊಳ್ಳುತ್ತವೆ. ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಆವರ್ತನಗಳಲ್ಲೂ ಒಂದೇ ಆಗಿದ್ದರೆ ಈ ಹಂಚಿಕೆಯಿಂದ ಸದ್ದು ತುಸು ತಗ್ಗುತ್ತದೆ, ಅಷ್ಟೇ. ಆದರೆ ಹಲವು ಹೆಡ್‌ಫೋನ್‌ಗಳಲ್ಲಿ ಅದು ಆವರ್ತನದೊಂದಿಗೆ ಏರಿಳಿಯುತ್ತದೆ, ಅದರೊಂದಿಗೆ ಹಂಚಿಕೆಯೂ ಏರಿಳಿಯುತ್ತದೆ.

ಹಲವು ಬ್ಯಾಲೆನ್ಸ್ಡ್ ಆರ್ಮೇಚರ್‌ಗಳನ್ನು ಕ್ರಾಸ್‌ಓವರ್‌ನಿಂದ (ಆವರ್ತನಗಳನ್ನು ಡ್ರೈವರ್‌ಗಳಿಗೆ ಹಂಚುವ ಮಂಡಲದಿಂದ) ಜೋಡಿಸಿದ ಇನ್-ಇಯರ್ ಫೋನೊಂದರ ಇಂಪೀಡೆನ್ಸ್ ಒಂದು ಆವರ್ತನದಲ್ಲಿ 8 ಓಮ್, ಇನ್ನೊಂದರಲ್ಲಿ 40 ಓಮ್ ಇದೆಯೆಂದುಕೊಳ್ಳಿ. 10 ಓಮ್ ಒಳತಡೆಯ ಸಾಧನಕ್ಕೆ ಜೋಡಿಸಿದರೆ ಈ ಎರಡು ಆವರ್ತನಗಳ ನಡುವೆ ಸುಮಾರು 5 ಡೆಸಿಬೆಲ್ ವ್ಯತ್ಯಾಸ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಅದು ಬೇರೆಯೇ ಫೋನ್ ಎನ್ನುವಷ್ಟು ದೊಡ್ಡ ಬದಲಾವಣೆ. 1 ಓಮ್ ಆದರೆ ವ್ಯತ್ಯಾಸ 0.8 ಡೆಸಿಬೆಲ್, ಅರ್ಧ ಓಮ್ ಆದರೆ 0.4. ಇದಕ್ಕಾಗಿಯೇ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗವನ್ನು ಮೀರಬಾರದು ಎಂಬ ಹೆಬ್ಬೆರಳ ಲೆಕ್ಕ ಬಳಕೆಗೆ ಬಂದಿದೆ. ಹಲವು ಆರ್ಮೇಚರ್‌ಗಳ ಇನ್-ಇಯರ್‌ಗೆ ಆ ಲೆಕ್ಕವೂ ಸಾಲದು. ಅಲ್ಲಿ 1 ಓಮ್‌ಗಿಂತ ಕಡಿಮೆ ಇರುವುದನ್ನೇ ಆರಿಸಬೇಕೆಂಬುದು ನನ್ನ ನಿಲುವು. ಕೇಬಲಿನ ತಡೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಕೇಬಲ್ ಬದಲಿಸಿದಾಗ ನಾದ ನಿಜಕ್ಕೂ ಬದಲಾದರೆ ಅದಕ್ಕೆ ಲೋಹದ ಬೆಲೆಗಿಂತ ಈ ತಡೆಯ ವ್ಯತ್ಯಾಸವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

300 ಓಮ್‌ನ ಎಚ್‌ಡಿ 600ರ ಕಥೆ ಬೇರೆ. ಅದರ ಇಂಪೀಡೆನ್ಸ್ ಮಂದ್ರದಲ್ಲಿ, 100 ಹರ್ಟ್ಸ್‌ನ ಆಸುಪಾಸಿನಲ್ಲಿ, 500 ಓಮ್‌ನವರೆಗೆ ಏರುತ್ತದೆ. 120 ಓಮ್ ಒಳತಡೆಯ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಆ ಭಾಗ ಸುಮಾರು 1 ಡೆಸಿಬೆಲ್ ಮೇಲೇಳುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಓಟಿಎಲ್ ಟ್ಯೂಬ್ ಆಂಪ್ಲಿಫೈಯರ್‌ಗಳಲ್ಲಿ ಇಂಥ ಹೆಡ್‌ಫೋನ್‌ಗಳು ಬೆಚ್ಚಗೆ, ತುಂಬಿಕೊಂಡಂತೆ ಕೇಳಿಸುವುದಕ್ಕೆ ಇದು ಒಂದು ಮುಖ್ಯ ಕಾರಣ. ಅದನ್ನು ಮೆಚ್ಚುವವರು ಮೆಚ್ಚಲಿ. ಆದರೆ ಅದೇ ಆಂಪ್ಲಿಫೈಯರ್‌ಗೆ ಕಡಿಮೆ ಓಮ್‌ನ ಇನ್-ಇಯರ್ ಜೋಡಿಸಿದರೆ ಸ್ವರ ಸಮತೋಲ ಕೆಡುತ್ತದೆ. ಪ್ಲೇನಾರ್ ಹೆಡ್‌ಫೋನ್‌ಗಳ ಇಂಪೀಡೆನ್ಸ್ ಬಹುತೇಕ ಸಮತಟ್ಟಾಗಿರುವುದರಿಂದ ಈ ವಿಷಯದಲ್ಲಿ ಅವು ನಿಶ್ಚಿಂತ.

ಹಂತ 5: ಹಿನ್ನೆಲೆಯ ಸುಯ್ ಸದ್ದು ಮತ್ತು ಗೇನ್

ಸೂಕ್ಷ್ಮವಾದ ಇನ್-ಇಯರ್ ಫೋನನ್ನು ಬಲಶಾಲಿ ಆಂಪ್ಲಿಫೈಯರ್‌ಗೆ ಜೋಡಿಸಿದಾಗ ಹಾಡು ನಿಂತ ಕ್ಷಣದಲ್ಲಿ ಸುಯ್ ಎಂಬ ಸದ್ದು ಕೇಳಿಸುವುದುಂಟು. ಹಿಂದೆ ನೋಡಿದ 16 ಓಮ್, 110 ಡೆಸಿಬೆಲ್‌ನ ಫೋನು 1 ವೋಲ್ಟ್‌ಗೆ 128 ಡೆಸಿಬೆಲ್ ಹುಟ್ಟಿಸಬಲ್ಲದು. ಆಂಪ್ಲಿಫೈಯರ್‌ನ ಸ್ವಂತ ಸದ್ದು 10 ಮೈಕ್ರೋವೋಲ್ಟ್ ಇದ್ದರೆ ಅದು ಕಿವಿಯಲ್ಲಿ 28 ಡೆಸಿಬೆಲ್ ಆಗುತ್ತದೆ, ನಿಶ್ಶಬ್ದ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. 3 ಮೈಕ್ರೋವೋಲ್ಟ್ ಇದ್ದರೆ ಸುಮಾರು 17 ಡೆಸಿಬೆಲ್‌ಗೆ ಇಳಿದು ಬಹುತೇಕ ಮರೆಯಾಗುತ್ತದೆ. ಆದ್ದರಿಂದ ಇನ್-ಇಯರ್ ಬಳಸುವವರು ವ್ಯಾಟ್‌ಗಳ ಬದಲು ಈ ಅಂಕಿಯನ್ನು ಹುಡುಕಬೇಕು. ಯಾವಾಗಲೂ ಕಡಿಮೆ ಗೇನ್‌ನಿಂದ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಆಯ್ಕೆ) ಆರಂಭಿಸಿ, ವಾಲ್ಯೂಮ್ ಪೂರ್ತಿಯಾಗಿ ಏರಿಸಿದರೂ ಸಾಲದಿದ್ದಾಗ ಮಾತ್ರ ಹೈ ಗೇನ್‌ಗೆ ಹೋಗಿ. ಹೈ ಗೇನ್‌ನಲ್ಲಿ ನಾದ ಚೆನ್ನಾಗಿದೆ ಎನ್ನಿಸುವುದು ಸಾಮಾನ್ಯವಾಗಿ ಸದ್ದು ಏರಿದ ಪರಿಣಾಮ.

ಹಂತ 6: ಮೂಲಸಾಧನವನ್ನು ಆರಿಸಿ

ಇಷ್ಟು ಲೆಕ್ಕ ಕೈಯಲ್ಲಿದ್ದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಮೊಬೈಲಿಗೆ ಸಿಕ್ಕಿಸುವ ಡಾಂಗಲ್ ಅನ್ನು ಯಾರೂ ಹಗುರವಾಗಿ ಕಾಣಬಾರದು. ಆ್ಯಪಲ್‌ನ ಪುಟ್ಟ ಯುಎಸ್‌ಬಿ-ಸಿ ಅಡಾಪ್ಟರ್ ಸುಮಾರು 1 ವೋಲ್ಟ್ ಕೊಡುತ್ತದೆ, ಔಟ್‌ಪುಟ್ ಇಂಪೀಡೆನ್ಸ್ ಸುಮಾರು 1 ಓಮ್. ಯುರೋಪಿನಲ್ಲಿ ಮಾರುವ ಆವೃತ್ತಿಯದು ಮಾತ್ರ ಅರ್ಧ ವೋಲ್ಟ್. 1 ವೋಲ್ಟ್ ಬಹುಪಾಲು ಇನ್-ಇಯರ್‌ಗಳಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. 300 ಓಮ್, 97 ಡೆಸಿಬೆಲ್‌ನ ಹೆಡ್‌ಫೋನಿಗೆ ಅದು 102 ಡೆಸಿಬೆಲ್ ಶಿಖರವನ್ನು ಒದಗಿಸುತ್ತದೆ. ಮಟ್ಟ ಏರಿಸಿ ಮುದ್ರಿಸಿದ ಹಾಡುಗಳಿಗೆ ಅಷ್ಟು ಸಾಕು. ಏರಿಳಿತ ಹೆಚ್ಚಿರುವ ವಾದ್ಯವೃಂದಕ್ಕೆ ಕೊರತೆ ಕಾಣುತ್ತದೆ. ಇದಕ್ಕಿಂತ ಬಲವಾದ ಡಾಂಗಲ್‌ಗಳು ಸಾಮಾನ್ಯವಾಗಿ 2 ವೋಲ್ಟ್, ಬ್ಯಾಲೆನ್ಸ್ಡ್ ಜ್ಯಾಕಿನಲ್ಲಿ (ಹಂತ 7 ನೋಡಿ) 4 ವೋಲ್ಟ್ ಕೊಡುತ್ತವೆ. ಉನ್ನತ ದರ್ಜೆಯ ಹೆಡ್‌ಫೋನ್ ಕೊಂಡ ಮಾತ್ರಕ್ಕೆ ಅಷ್ಟೇ ಬೆಲೆಯ ಪ್ಲೇಯರನ್ನೂ ಕೊಳ್ಳಲೇಬೇಕೆಂಬ ನಿಯಮವಿಲ್ಲ.

ಹಾಗಾದರೆ ಪ್ರತ್ಯೇಕ ಪ್ಲೇಯರ್ ಯಾರಿಗೆ ಬೇಕು? ಮೊಬೈಲಿನ ಬ್ಯಾಟರಿಯನ್ನು ಹಾಡಿಗಾಗಿ ಖರ್ಚು ಮಾಡಲಾಗದವರಿಗೆ, ದೊಡ್ಡ ಸಂಗ್ರಹವನ್ನು ಮೆಮೊರಿ ಕಾರ್ಡಿನಲ್ಲಿಟ್ಟು ಇಂಟರ್ನೆಟ್ ಇಲ್ಲದೆ ಕೇಳುವವರಿಗೆ, ಕರೆ ಮತ್ತು ಸಂದೇಶಗಳ ಅಡ್ಡಿಯಿಲ್ಲದೆ ಕೂರಲು ಬಯಸುವವರಿಗೆ. ಕೊನೆಯ ಕಾರಣ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಪ್ಲೇಯರ್ ಆರಿಸುವಾಗ ಅದರ ತಂತ್ರಾಂಶ ಚುರುಕಾಗಿದೆಯೇ, ವಾಲ್ಯೂಮ್ ಮೆಟ್ಟಿಲುಗಳು ಸಣ್ಣದಾಗಿವೆಯೇ, ಬ್ಯಾಟರಿಯನ್ನು ಮುಂದೆ ಬದಲಿಸಿಕೊಡುವ ವ್ಯವಸ್ಥೆ ಇದೆಯೇ ಎಂಬುದನ್ನು ಡಿಎಸಿ ಚಿಪ್‌ನ ಹೆಸರಿಗಿಂತ ಮೊದಲು ನೋಡಿ. ಆಂಡ್ರಾಯ್ಡ್ ಆಧಾರಿತವಾದರೆ, ವ್ಯವಸ್ಥೆ ಎಲ್ಲ ಧ್ವನಿಯನ್ನೂ ಒಂದೇ ಸ್ಯಾಂಪಲ್ ದರಕ್ಕೆ ಬದಲಿಸದಂತೆ ತಯಾರಕರು ದಾರಿ ಮಾಡಿದ್ದಾರೆಯೇ ಎಂದು ವಿಚಾರಿಸಿ.

ಪ್ಲೇಯರ್‌ಗೆ ಪೋರ್ಟಬಲ್ ಆಂಪ್ಲಿಫೈಯರ್ ಸೇರಿಸುವುದಾದರೆ ಪ್ಲೇಯರಿನ ಹೆಡ್‌ಫೋನ್ ಆಂಪ್ಲಿಫೈಯರನ್ನು ದಾಟದೆ ಬರುವ ಲೈನ್ ಔಟ್‌ನಿಂದಲೇ ಸಂಕೇತ ತೆಗೆಯಿರಿ. ಹೆಡ್‌ಫೋನ್ ಜ್ಯಾಕಿನಿಂದ ತೆಗೆದರೆ ಎರಡು ಆಂಪ್ಲಿಫೈಯರ್‌ಗಳ ಸದ್ದು ಮತ್ತು ವಿರೂಪ ಒಂದರ ಮೇಲೊಂದು ಸೇರುತ್ತವೆ. ಯುಎಸ್‌ಬಿ ಮೂಲಕ ಡಿಜಿಟಲ್ ಸಂಕೇತ ಪಡೆದು ಡಿಎಸಿ ಮತ್ತು ಆಂಪ್ಲಿಫೈಯರ್ ಎರಡರ ಕೆಲಸವನ್ನೂ ಮಾಡುವ ಸಾಧನಗಳು ಈ ತೊಡಕನ್ನೇ ಇಲ್ಲವಾಗಿಸುತ್ತವೆ.

ಹಂತ 7: ಜ್ಯಾಕ್‌ಗಳು ಮತ್ತು ಬ್ಯಾಲೆನ್ಸ್ಡ್ ಜೋಡಣೆ

3.5 ಮಿ.ಮೀ. ಮತ್ತು 6.35 ಮಿ.ಮೀ. ಜ್ಯಾಕ್‌ಗಳಲ್ಲಿ ಎಡ ಬಲ ಚಾನೆಲ್‌ಗಳಿಗೆ ಒಂದೇ ಗ್ರೌಂಡ್ ತಂತಿ. ಬ್ಯಾಲೆನ್ಸ್ಡ್ ಜೋಡಣೆಯಲ್ಲಿ ಪ್ರತಿ ಚಾನೆಲಿಗೂ ತನ್ನದೇ ಎರಡು ತಂತಿಗಳಿದ್ದು, ಎರಡು ಆಂಪ್ಲಿಫೈಯರ್ ಘಟಕಗಳು ವಿರುದ್ಧ ದಿಕ್ಕಿನಲ್ಲಿ ಡ್ರೈವರನ್ನು ಓಡಿಸುತ್ತವೆ. ಆಸ್ಟೆಲ್ ಆ್ಯಂಡ್ ಕರ್ನ್ ಜನಪ್ರಿಯಗೊಳಿಸಿದ 2.5 ಮಿ.ಮೀ. ಜ್ಯಾಕ್ ತೆಳುವಾಗಿದ್ದು ಮುರಿಯುವ ಭಯವಿರುವಂಥದ್ದು. 2016ರಲ್ಲಿ ಸೋನಿ ತನ್ನ ಪ್ಲೇಯರ್‌ಗಳಲ್ಲಿ ಅಳವಡಿಸಿದ ಐದು ಸಂಪರ್ಕಗಳ 4.4 ಮಿ.ಮೀ. ಜ್ಯಾಕ್ ಈಗ ಅದರ ಜಾಗವನ್ನು ಬಹುಮಟ್ಟಿಗೆ ಹಿಡಿದಿದೆ. ಮೇಜಿನ ಸಾಧನಗಳಲ್ಲಿ ನಾಲ್ಕು ಪಿನ್ನಿನ ಎಕ್ಸ್‌ಎಲ್‌ಆರ್ ಕಾಣುತ್ತದೆ.

ಬ್ಯಾಲೆನ್ಸ್ಡ್ ಎಂದರೆ ತಾನಾಗಿಯೇ ಉತ್ತಮ ನಾದವಲ್ಲ. ಅದರ ನಿಜವಾದ ಲಾಭ ವೋಲ್ಟೇಜ್ ಎರಡರಷ್ಟಾಗುವುದು, ಕರೆಂಟಿನ ಮಿತಿ ಅಡ್ಡ ಬರದಿದ್ದರೆ ಶಕ್ತಿ ನಾಲ್ಕರಷ್ಟಾಗುವುದು. ಜತೆಗೆ ಔಟ್‌ಪುಟ್ ಇಂಪೀಡೆನ್ಸೂ ಎರಡರಷ್ಟಾಗುತ್ತದೆ, ಹಿನ್ನೆಲೆ ಸದ್ದೂ ಏರುತ್ತದೆ. 300 ಓಮ್‌ನ ಹೆಡ್‌ಫೋನಿಗೂ ಹಸಿದ ಪ್ಲೇನಾರ್‌ಗೂ ಇದು ವರ. ಸೂಕ್ಷ್ಮ ಇನ್-ಇಯರ್‌ಗೆ ಅನಗತ್ಯ. ಒಂದು ಎಚ್ಚರಿಕೆಯನ್ನು ಮರೆಯದೆ ಪಾಲಿಸಿ: ಬ್ಯಾಲೆನ್ಸ್ಡ್ ಕೇಬಲಿನ ಹೆಡ್‌ಫೋನನ್ನು ಅಡಾಪ್ಟರ್ ಮೂಲಕ 3.5 ಮಿ.ಮೀ. ಜ್ಯಾಕಿಗೆ ಜೋಡಿಸಬಹುದು, ಆದರೆ 3.5 ಮಿ.ಮೀ. ಹೆಡ್‌ಫೋನನ್ನು ಸಾದಾ ಅಡಾಪ್ಟರ್ ಮೂಲಕ ಬ್ಯಾಲೆನ್ಸ್ಡ್ ಜ್ಯಾಕಿಗೆ ಜೋಡಿಸಲೇಬಾರದು. ಹಾಗೆ ಮಾಡಿದರೆ ಎರಡು ಚಾನೆಲ್‌ಗಳ ಔಟ್‌ಪುಟ್‌ಗಳು ಒಂದಕ್ಕೊಂದು ಶಾರ್ಟ್ ಆಗಿ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಹಂತ 8: ಫೈಲ್‌ಗಳು ಮತ್ತು ಬ್ಲೂಟೂತ್

ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 44.1 ಕಿಲೋಹರ್ಟ್ಸ್, 16 ಬಿಟ್‌ನ ಸಿಡಿ ಗುಣಮಟ್ಟದ, ಮಾಹಿತಿ ಕಳೆಯದೆ ಕುಗ್ಗಿಸಿದ ಫ್ಲ್ಯಾಕ್ ಫೈಲ್ ಇದ್ದರೆ ಮನುಷ್ಯನ ಕಿವಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಒಂದು ಮುದ್ರಣ ಮತ್ತೊಂದಕ್ಕಿಂತ ಚೆನ್ನಾಗಿದ್ದರೆ ಕಾರಣ ಸಾಮಾನ್ಯವಾಗಿ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ಮುದ್ರಣದ ನಾದವನ್ನು ಹದಗೊಳಿಸಿದ ರೀತಿ. ಬ್ಲೂಟೂತ್‌ನಲ್ಲಿ ಎಲ್‌ಡ್ಯಾಕ್ ಎಂಬ ಧ್ವನಿ ಸಂಕುಚನ ವಿಧಾನ ಗರಿಷ್ಠ 990 ಕಿಲೋಬಿಟ್ ವೇಗಕ್ಕೆ ಏರಿದರೂ ಅದು ಸಿಡಿಯ 1,411 ಕಿಲೋಬಿಟ್‌ಗಿಂತ ಕಡಿಮೆ, ಹಾಗಾಗಿ ಮಾಹಿತಿ ಸಂಕುಚನ ಇದ್ದೇ ಇರುತ್ತದೆ. ಓಡಾಟದಲ್ಲಿ ಅದು ಗಮನಕ್ಕೆ ಬಾರದು. ತಂತಿಯ ಹೆಡ್‌ಫೋನ್ ತೊಟ್ಟು ಕೋಣೆಯಲ್ಲಿ ಕೂತವರು ತಂತಿಯಲ್ಲೇ ಕೇಳುವುದು ಸರಿ.

ಹಂತ 9: ಹೋಲಿಸಿ ಕೇಳುವ ವಿಧಾನ

ಎರಡು ಸಾಧನಗಳಲ್ಲಿ ಒಂದು ಅರ್ಧ ಡೆಸಿಬೆಲ್ ಜೋರಾಗಿದ್ದರೂ ಅದೇ ಹೆಚ್ಚು ಸ್ಪಷ್ಟ, ಹೆಚ್ಚು ಜೀವಂತ ಎನ್ನಿಸುತ್ತದೆ. ಇದು ಕಿವಿಯ ಸ್ವಭಾವ, ಅನುಭವಿಗಳಿಗೂ ತಪ್ಪಿದ್ದಲ್ಲ. ಆದ್ದರಿಂದ ಆಂಪ್ಲಿಫೈಯರ್‌ಗಳನ್ನು ಹೋಲಿಸುವಾಗ ಹೆಡ್‌ಫೋನನ್ನು ಜೋಡಿಸಿಟ್ಟುಕೊಂಡೇ 1 ಕಿಲೋಹರ್ಟ್ಸ್‌ನ ಒಂದೇ ಸ್ವರವನ್ನು ನುಡಿಸಿ, ಮಲ್ಟಿಮೀಟರಿನಿಂದ ಎರಡರ ವೋಲ್ಟೇಜನ್ನೂ ಸಮಗೊಳಿಸಿ. ಎಲ್ಲ ಮಲ್ಟಿಮೀಟರ್‌ಗಳೂ ಆ ಆವರ್ತನದಲ್ಲಿ ನಿಖರವಲ್ಲ. ಅಂಥದ್ದಿದ್ದರೆ 100 ಹರ್ಟ್ಸ್ ಬಳಸಿ. ಎರಡರ ನಡುವೆ 2 ಶೇಕಡಕ್ಕಿಂತ ಹೆಚ್ಚು ವ್ಯತ್ಯಾಸ ಉಳಿಯಬಾರದು, ಅದು ಸುಮಾರು 0.2 ಡೆಸಿಬೆಲ್. ಬಳಿಕ ಯಾವುದು ಯಾವುದೆಂದು ತಿಳಿಯದಂತೆ ಬೇರೊಬ್ಬರಿಂದ ಬದಲಾಯಿಸಿಸಿ ಕೇಳಿ. ಚೆನ್ನಾಗಿ ಪರಿಚಯವಿರುವ ಹಾಡುಗಳನ್ನೇ ಆರಿಸಿ: ಒಂಟಿ ದನಿ, ಪಿಟೀಲು, ಪಿಯಾನೋ, ಆಳವಾದ ಮಂದ್ರ, ಒಟ್ಟಿಗೆ ನುಡಿಯುವ ಹಲವು ವಾದ್ಯಗಳು.

ಹೆಡ್‌ಫೋನ್‌ಗಳ ಹೋಲಿಕೆಗೆ ಇಷ್ಟು ನಿಷ್ಠುರ ಕ್ರಮ ಬೇಡ, ಅವುಗಳ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ. ಅಲ್ಲಿ ಬೇಕಾದದ್ದು ಸಮಯ. ಮೊದಲ ಕೆಲವು ನಿಮಿಷ ಚಕಿತಗೊಳಿಸುವ ಹೊಳೆಯುವ ತಾರಸ್ವರ ಒಂದು ಸಂಜೆಯಲ್ಲಿ ದಣಿವಾಗಿ ಬದಲಾಗುವುದುಂಟು. ಕೆಲವು ದಿನ ಮನೆಯಲ್ಲಿಟ್ಟು ಕೇಳಿ ಹಿಂದಿರುಗಿಸುವ ಅವಕಾಶವಿದ್ದರೆ ಬಿಡಬೇಡಿ. ಬಹಳ ಗಂಟೆ ನುಡಿಸಿದರೆ ಹೆಡ್‌ಫೋನ್ ಪಳಗುತ್ತದೆ ಎಂಬ ಮಾತಿಗೆ ಕಾಯಬೇಕಿಲ್ಲ. ಬಹುಪಾಲು ಪಳಗುವುದು ಇಯರ್‌ಪ್ಯಾಡಿನ ಸ್ಪಂಜು ಮತ್ತು ಕೇಳುವವರ ಕಿವಿ. ಮೆಚ್ಚದ ಹೆಡ್‌ಫೋನನ್ನು ಆ ನಂಬಿಕೆಯಲ್ಲಿ ಹಿಂದಿರುಗಿಸುವ ಗಡುವು ಮೀರುವವರೆಗೆ ಇಟ್ಟುಕೊಳ್ಳುವುದು ನಷ್ಟದ ದಾರಿ.

ಹಂತ 10: ಈಕ್ವಲೈಸರ್

ಹೊಸ ಆಂಪ್ಲಿಫೈಯರ್‌ನಿಂದ ನಾದದ ಬಣ್ಣ ತಿದ್ದಲು ಹೋಗುವವರಿಗೆ ನನ್ನ ಒತ್ತಾಯದ ಸಲಹೆ: ಬೇಕಾದ ಆವರ್ತನವನ್ನೇ ಆರಿಸಿ ಏರಿಸಿ ಇಳಿಸಬಲ್ಲ ಪ್ಯಾರಾಮೆಟ್ರಿಕ್ ಈಕ್ವಲೈಸರ್ ಅನ್ನು ಮೊದಲು ಬಳಸಿ ನೋಡಿ. ಮಂದ್ರವನ್ನು 3 ಡೆಸಿಬೆಲ್ ಏರಿಸುವುದು, ಚುಚ್ಚುವ ಒಂದು ಆವರ್ತನವನ್ನು 4 ಡೆಸಿಬೆಲ್ ಇಳಿಸುವುದು ಅಲ್ಲಿ ಕ್ಷಣದ ಕೆಲಸ. ಯಾವ ಭಾಗವನ್ನಾದರೂ ಏರಿಸಿದಾಗ ಅಷ್ಟೇ ಪ್ರಮಾಣದಲ್ಲಿ ಈಕ್ವಲೈಸರ್‌ನ ಪ್ರೀಆಂಪ್ ಮಟ್ಟವನ್ನು (ಒಟ್ಟು ಸಂಕೇತದ ಮಟ್ಟವನ್ನು) ಇಳಿಸಬೇಕು, ಇಲ್ಲವಾದರೆ ಡಿಜಿಟಲ್ ಸಂಕೇತ ಮಿತಿ ಮೀರಿ ಕತ್ತರಿಸಲ್ಪಡುತ್ತದೆ. ಈ ಇಳಿಕೆಯನ್ನು ತುಂಬಲು ಆಂಪ್ಲಿಫೈಯರ್‌ನಲ್ಲಿ ಶಕ್ತಿ ಮಿಕ್ಕಿರಬೇಕು. ಮೂರನೇ ಹಂತದ ಲೆಕ್ಕದಲ್ಲಿ ಈಕ್ವಲೈಸರ್ ಬಳಸುವವರು ಗುರಿಗೆ ಇನ್ನೊಂದು 5 ಡೆಸಿಬೆಲ್ ಸೇರಿಸಿಕೊಳ್ಳುವುದು ಇದಕ್ಕಾಗಿಯೇ.

ಕಿವಿ ಮತ್ತು ಸಾಧನದ ಆರೈಕೆ

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಯಸ್ಕರಿಗೆ 80 ಡೆಸಿಬೆಲ್ ಸರಾಸರಿಯಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 92ಕ್ಕೆ ಎರಡೂವರೆ ಗಂಟೆ ಮಾತ್ರ. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬೆಲ್‌ನಲ್ಲಿ. ವಿರೂಪವಿಲ್ಲದ ಒಳ್ಳೆಯ ಸಾಧನಗಳಲ್ಲಿ ಅಪಾಯದ ಮಟ್ಟವೂ ಹಿತವಾಗಿಯೇ ಕೇಳುತ್ತದೆ, ಆದ್ದರಿಂದ ಇಲ್ಲಿ ಎಚ್ಚರ ಹೆಚ್ಚೇ ಬೇಕು. ಹೆಡ್‌ಫೋನ್ ಜೋಡಿಸುವ ಮುನ್ನ ವಾಲ್ಯೂಮ್ ತಗ್ಗಿಸುವುದನ್ನು, ಅದರಲ್ಲೂ ಇನ್-ಇಯರ್ ಫೋನ್ ಕಿವಿಗೆ ಹಾಕುವ ಮೊದಲು ಗೇನ್ ಯಾವುದರಲ್ಲಿದೆ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇಯರ್‌ಪ್ಯಾಡುಗಳು ಸವೆದು ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಹತ್ತಿರವಾಗಿ, ಸುತ್ತಲಿನ ಬಿಗಿ ಸಡಿಲವಾಗಿ ನಾದ ಬದಲಾಗುತ್ತದೆ. ಬದಲಿಸುವಾಗ ತಯಾರಕರದೇ ಪ್ಯಾಡ್ ಹಾಕಿ, ಏಕೆಂದರೆ ಬೇರೆ ಪ್ಯಾಡ್ ಎಂದರೆ ಬೇರೆ ಫ್ರೀಕ್ವೆನ್ಸಿ ರೆಸ್ಪಾನ್ಸ್. ಇನ್-ಇಯರ್‌ನ ಬಾಯಿಗೆ ಕಟ್ಟಿದ ಜಾಲರಿಯಲ್ಲಿ ಕಿವಿಯ ಕುಗ್ಗೆ ತುಂಬಿದರೆ ಒಂದು ಬದಿ ಕಡಿಮೆ ಕೇಳುತ್ತದೆ. ಒಣ ಬ್ರಷ್‌ನಿಂದ, ಬಾಯಿ ಕೆಳಮುಖವಾಗಿ ಹಿಡಿದು ಶುಚಿ ಮಾಡಿ. ಪ್ಲೇಯರನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ, ಪೂರ್ತಿ ಬರಿದಾಗಿಸದೆ ಅರ್ಧದ ಆಸುಪಾಸಿನಲ್ಲಿಟ್ಟು ಪ್ಲೇಯರನ್ನು ಆಫ್ ಮಾಡಿಡಿ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಂತೆ ಕಂಡರೆ ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಿ ಸೇವಾ ಕೇಂದ್ರಕ್ಕೆ ಒಯ್ಯಿರಿ.